ಕಿರುತೆರೆ ಕಟ್ಟೆ: ಎನ್‌ಬಿಸಿಯ ವಧುಪರೀಕ್ಷೆ

ಅಮೆರಿಕದ ಟೀವಿಗೂ ಒಂದು ಪಂಚಾಂಗವಿದೆ. ನಮ್ಮೂರಲ್ಲಿ ಧಾರಾವಾಹಿ ಎಂದರೆ ಶುರುವಾದದ್ದು ಶುರುವಾಯಿತು, ಮೊದಲ ಕಂತಿನ ಹೊಸ ಸೊಸೆ ಅಜ್ಜಿಯಾಗುವವರೆಗೂ ನಿಲ್ಲುವ ಮಾತಿಲ್ಲ. ಇಲ್ಲಿ ಹಾಗಲ್ಲ. ಮೇ ತಿಂಗಳಲ್ಲಿ ಜಾಹೀರಾತು ಕೊಡುವ ಧಣಿಗಳನ್ನೆಲ್ಲ ನ್ಯೂಯಾರ್ಕಿನಲ್ಲಿ ಕೂರಿಸಿ, "ಬರುವ ಶರತ್ಕಾಲಕ್ಕೆ ನಮ್ಮ ಅಂಗಡಿಯಲ್ಲಿ ಇಂತಿಂಥ ಹೊಸ ಸರಕು" ಎಂದು ಚಾನೆಲ್ಲುಗಳು ತೋರಿಸುತ್ತವೆ. ಸೆಪ್ಟೆಂಬರ್ ಮುಗಿಯುವ ಹೊತ್ತಿಗೆ ಒಂದರ ಹಿಂದೊಂದು ತೆರೆಗೆ ಬರುತ್ತವೆ. ಇತ್ತ ನಮ್ಮ ಮನೆಗಳಲ್ಲಿ ಗೊಂಬೆ ಕೂರಿಸುವ ಕಾಲ!

ಹೊಸ ಷೋದ ಮೊದಲ ಕಂತಿಗೆ ಪೈಲಟ್ ಎಂದು ಹೆಸರು. ಅದೊಂದು ವಧುಪರೀಕ್ಷೆ ಅಂದುಕೊಳ್ಳಿ. ಕೇಸರಿಭಾತು, ಉಪ್ಪಿಟ್ಟು, ಪಕ್ಕದ ಮನೆಯಿಂದ ಕಡ ತಂದ ಕಪ್ಪು ಸಾಸರು, ಅಕ್ಕನ ರೇಷ್ಮೆ ಸೀರೆ, ಕಲಿತ ಒಂದೇ ದೇವರನಾಮ. ಎಲ್ಲ ಕಾಸನ್ನೂ ಆ ಒಂದು ಗಂಟೆಗೆ ಸುರಿದಿರುತ್ತಾರೆ. ಸಂಸಾರ ಹೇಗೆ ಎನ್ನುವುದು ಗೊತ್ತಾಗುವುದು ಆರನೆಯ ವಾರಕ್ಕೆ. ಆದರೆ ಪತ್ರಿಕೆಯ ವಿಮರ್ಶಕರು ಉಪ್ಪಿಟ್ಟು ತಿಂದೇ ತೀರ್ಪು ಕೊಡಬೇಕು, ಪಾಪ.

ಈ ಸಂಚಿಕೆಗೆ ಹೊಸ ಸೀಸನ್ನಿನ ಮೊದಲ ನೋಟದ ಬಗ್ಗೆ ಬರೆಯಿರಿ ಎಂದು ಸಂಪಾದಕರು ಹೇಳಿದಾಗ ನೆನಪಾದದ್ದು 2006ರ ಎನ್‌ಬಿಸಿ. ಮೊದಲ ನೋಟಕ್ಕೂ ಮುಂದಿನ ಬಾಳುವೆಗೂ ಅಷ್ಟೊಂದು ಅಂತರ ಕಂಡ ವರ್ಷ ಇನ್ನೊಂದು ಸಿಗುವುದು ಕಷ್ಟ. ಜೊತೆಗೆ, ಅದೇ ಶರತ್ಕಾಲದಲ್ಲಿ, ಅದೇ ಚಾನೆಲ್ಲಿನಲ್ಲಿ, ನಮ್ಮಂಥ ಮುಖಗಳು ಎರಡು ಬೇರೆ ಬೇರೆ ಬಾಗಿಲಿನಿಂದ ಒಳಗೆ ಬಂದವು.

ಎನ್‌ಬಿಸಿಗೆ ಆಗ ಕೆಟ್ಟ ದೆಸೆ. 2004ರ ಮೇ ತಿಂಗಳಲ್ಲಿ 'ಫ್ರೆಂಡ್ಸ್' ಮುಗಿದಿತ್ತು. ಜಾಹೀರಾತುದಾರರು ಬಯಸುವ 18ರಿಂದ 49ರ ವಯಸ್ಸಿನವರ ಲೆಕ್ಕದಲ್ಲಿ ಒಂದು ಕಾಲದ ರಾಜ ನಾಲ್ಕನೆಯ ಸ್ಥಾನಕ್ಕೆ ಜಾರಿದ್ದ. 2006ರಲ್ಲಿ ಅವರ ದೊಡ್ಡ ಭರವಸೆ 'ಸ್ಟುಡಿಯೋ 60 ಆನ್ ದ ಸನ್‌ಸೆಟ್ ಸ್ಟ್ರಿಪ್'. 'ವೆಸ್ಟ್ ವಿಂಗ್' ಕೊಟ್ಟ ಆರನ್ ಸಾರ್ಕಿನ್ ಬರವಣಿಗೆ, 'ಫ್ರೆಂಡ್ಸ್'ನ ಮ್ಯಾಥ್ಯೂ ಪೆರ್ರಿ (2023ರಲ್ಲಿ ತೀರಿಕೊಂಡರು), ಬ್ರಾಡ್ಲಿ ವಿಟ್‌ಫರ್ಡ್. ಒಂದು ಟೀವಿ ಹಾಸ್ಯ ಕಾರ್ಯಕ್ರಮದ ತೆರೆಮರೆಯ ಕಥೆ. ತಮಾಷೆಯೆಂದರೆ, ಅದೇ ಚಾನೆಲ್ಲು ಅದೇ ತಿಂಗಳುಗಳಲ್ಲಿ ಅದೇ ಕಥಾವಸ್ತುವಿನ ಇನ್ನೊಂದು ಷೋ ಕೂಡ ಇಟ್ಟುಕೊಂಡಿತ್ತು: ಟೀನಾ ಫೇ ಬರೆದ ಅರ್ಧ ಗಂಟೆಯ '30 ರಾಕ್'. ಒಂದೇ ಮಂಟಪದಲ್ಲಿ ಅಕ್ಕ ತಂಗಿಯರಿಬ್ಬರ ವಧುಪರೀಕ್ಷೆ. ಅಕ್ಕನಿಗೆ ಬನಾರಸ್ ಸೀರೆ, ತಂಗಿಗೆ ಹಳೆಯ ಲಂಗ ದಾವಣಿ.

ಸೆಪ್ಟೆಂಬರ್ 18ರಂದು ಅಕ್ಕ ಬಂದಳು. ಮೊದಲ ಕಂತು ನಿಜಕ್ಕೂ ಸೊಗಸು. ಮಾತು ಪಟಾಕಿ ಸರದಂತೆ. ಮುಂದಿನ ವಾರಗಳಲ್ಲಿ ಒಂದು ಕೊರತೆ ಎದ್ದು ಕಂಡಿತು. ಹಾಸ್ಯಗಾರರ ಕಥೆ, ನಗು ಮಾತ್ರ ನಾಪತ್ತೆ! ಎಲ್ಲರೂ ದೇಶದ ಭವಿಷ್ಯ ಹೊತ್ತವರಂತೆ ಭಾಷಣ ಮಾಡುತ್ತಿದ್ದರು. 22 ಕಂತಿಗೆ, 2007ರ ಜೂನ್‌ನಲ್ಲಿ ಮಂಗಳ ಹಾಡಿದರು. ಅಕ್ಟೋಬರ್ 11ಕ್ಕೆ ಬಂದ ತಂಗಿಯನ್ನು ಮೊದಲ ರಾತ್ರಿ ನೋಡಿದವರು ಸುಮಾರು 80 ಲಕ್ಷ, ಆಗಿನ ಲೆಕ್ಕಕ್ಕೆ ಅಷ್ಟಕ್ಕಷ್ಟೆ. ಪೈಲಟ್ ಕೂಡ ತುಸು ಎಡವಿದಂತಿತ್ತು. ಆ ಷೋ 2007, 2008, 2009 ಮೂರೂ ವರ್ಷ ಅತ್ಯುತ್ತಮ ಹಾಸ್ಯ ಸರಣಿಯ ಎಮ್ಮಿ ಗೆದ್ದು, 138 ಕಂತು ಪೂರೈಸಿ 2013ರ ಜನವರಿಯಲ್ಲಿ ತಾನಾಗಿ ಮುಗಿಯಿತು.

ವಿಜಯದಶಮಿಯ ಮರುದಿನ, ಅಕ್ಟೋಬರ್ 3ಕ್ಕೆ 'ಫ್ರೈಡೇ ನೈಟ್ ಲೈಟ್ಸ್' ಬಂತು. ಟೆಕ್ಸಾಸ್‌ನ ಒಂದು ಸಣ್ಣ ಊರು, ಹೈಸ್ಕೂಲ್ ಫುಟ್‌ಬಾಲ್. ಫುಟ್‌ಬಾಲ್ ಎಂದೊಡನೆ ನಮ್ಮ ಹೆಂಗಸರು ರಿಮೋಟ್ ಹುಡುಕಿದ್ದು ಸಹಜ. ಆದರೆ ಆಟ ಅಲ್ಲಿ ನೆಪ. ಮಕ್ಕಳ ಮೇಲೆ ಇಡೀ ಊರು ಹೇರುವ ನಿರೀಕ್ಷೆಯ ಭಾರ, ಕೋಚ್ ಮತ್ತು ಅವನ ಹೆಂಡತಿ ಅಡುಗೆಮನೆಯಲ್ಲಿ ನಿಂತು ಆಡುವ ಜಗಳ, ರಾಜಿ, ಇವೇ ಕಥೆ. ಟಿ.ಎನ್. ಸೀತಾರಾಮ್ ಅವರ 'ಮಾಯಾಮೃಗ'ವನ್ನು ಮೆಚ್ಚಿದವರಿಗೆ ಈ ಮಾತುಕತೆಯ ಸೊಗಸನ್ನು ಹೇಳಿಕೊಡಬೇಕಿಲ್ಲ. ನನ್ನ ಲೆಕ್ಕದಲ್ಲಿ ಅಮೆರಿಕದ ಟೀವಿ ತೋರಿಸಿದ ಅತ್ಯಂತ ಗಟ್ಟಿ ದಾಂಪತ್ಯ ಅದು. ನೋಡುಗರು ಯಾವತ್ತೂ ಹೆಚ್ಚಿರಲಿಲ್ಲ. ಮೂರನೆಯ ಸೀಸನ್ನಿಂದ ಡೈರೆಕ್ಟ್‌ಟೀವಿ ಜೊತೆ ಖರ್ಚು ಹಂಚಿಕೊಂಡು ಐದು ಸೀಸನ್ ನಡೆಸಿದರು. ಮೊದಲ ಸ್ಥಾನದಲ್ಲಿದ್ದ ಚಾನೆಲ್ಲಾಗಿದ್ದರೆ ಆರೇ ವಾರಕ್ಕೆ ಕತ್ತು ಹಿಸುಕುತ್ತಿತ್ತೇನೋ. ಕೊನೆಯ ಬೆಂಚಿನವನಿಗೆ ಅವಸರ ಕಡಿಮೆ. (ಆದರೂ 'ಟ್ವೆಂಟಿ ಗುಡ್ ಇಯರ್ಸ್' ಎಂಬ ಹಾಸ್ಯ ಸರಣಿಯನ್ನು ನಾಲ್ಕೇ ಕಂತಿಗೆ ಎತ್ತಂಗಡಿ ಮಾಡಿದರು. ಹೆಸರಿಟ್ಟವರ ಗ್ರಹಚಾರ!)

ಇನ್ನು 'ಹೀರೋಸ್'. 2006ರ ಸೆಪ್ಟೆಂಬರ್ 25, ಸೋಮವಾರ ರಾತ್ರಿ ಒಂಬತ್ತು. ನೋಡಿದವರು ಸುಮಾರು 1 ಕೋಟಿ 40 ಲಕ್ಷ ಜನ. ಸಾಮಾನ್ಯ ಮನುಷ್ಯರಿಗೆ ಇದ್ದಕ್ಕಿದ್ದಂತೆ ಶಕ್ತಿ ಬರುವ ಕಥೆ: ಗಾಯವಾದರೆ ತಾನೇ ಮಾಯುವ ಹುಡುಗಿ, ಕಾಲವನ್ನು ನಿಲ್ಲಿಸುವ ಜಪಾನಿ ಗುಮಾಸ್ತ. ಇವರ ರಹಸ್ಯ ಹುಡುಕುವವನು ಮೋಹಿಂದರ್ ಸುರೇಶ್, ಭಾರತದ ತಳಿವಿಜ್ಞಾನಿ. ಅಲ್ಲಿಯವರೆಗೆ ನಮ್ಮ ಮಕ್ಕಳಿಗೆ ಶಾಲೆಯಲ್ಲಿ ಸಿಗುತ್ತಿದ್ದ ಅಡ್ಡಹೆಸರು 'ಸಿಂಪ್ಸನ್ಸ್'ನ ಕಿರಾಣಿ ಅಂಗಡಿಯ ಅಪು. ಈಗ ಪ್ರೈಮ್ ಟೈಮಿನಲ್ಲಿ ಗುಂಗುರು ಕೂದಲ ಸ್ಫುರದ್ರೂಪಿ, ಅದೂ ಕಥೆಯ ಸೂತ್ರಧಾರನ ದನಿಯಲ್ಲಿ! ಎಷ್ಟು ಮನೆಗಳಲ್ಲಿ ಅಮ್ಮಂದಿರು ಅಡುಗೆಮನೆಯಿಂದ ಒಗ್ಗರಣೆ ಸೌಟು ಹಿಡಿದುಕೊಂಡೇ ಬಂದು ನಿಂತಿರಬೇಕು!

ಸ್ವಲ್ಪ ತಣ್ಣಗಾಗಿ ನೋಡಿದರೆ ಒಂದೊಂದೇ ಕಲ್ಲು ಹಲ್ಲಿಗೆ ಸಿಕ್ಕಿತು. ಊರು 'ಮದ್ರಾಸ್' ಎಂದು ತೋರಿಸಿದರು. 1996ರಲ್ಲೇ ಅದು ಚೆನ್ನೈ ಆಗಿತ್ತು. ಮದ್ರಾಸಿನ ಹುಡುಗನಿಗೆ ಮೋಹಿಂದರ್ ಎಂಬ ಪಂಜಾಬಿ ಹೆಸರು. ಆ ಪಾತ್ರ ಮಾಡಿದ ನಟನ ಹೆಸರು ಸೆಂಧಿಲ್ ರಾಮಮೂರ್ತಿ! ನಟನ ಹೆಸರನ್ನೇ ಪಾತ್ರಕ್ಕೆ ಇಟ್ಟಿದ್ದರೆ ಸಾಕಿತ್ತು. ಷಿಕಾಗೋದಲ್ಲಿ ಹುಟ್ಟಿ ಟೆಕ್ಸಾಸ್‌ನಲ್ಲಿ ಬೆಳೆದ ಆತ ಪಾತ್ರಕ್ಕಾಗಿ ಪರದೇಶಿ ಉಚ್ಚಾರಣೆ ಅಂಟಿಸಿಕೊಂಡರು. ನಮ್ಮ ಮಕ್ಕಳು ಆ ಉಚ್ಚಾರಣೆಯನ್ನು ಕಳಚಿಕೊಳ್ಳಲು ಹೆಣಗುತ್ತಿದ್ದ ವರ್ಷಗಳಲ್ಲೇ. ಮತ್ತೆ, ಡಾಕ್ಟರೇಟ್ ಪಡೆದ ವಿಜ್ಞಾನಿಯನ್ನು ನ್ಯೂಯಾರ್ಕಿಗೆ ಕರೆತಂದು ಏನು ಮಾಡಿಸಿದರು ಗೊತ್ತೇ? ಟ್ಯಾಕ್ಸಿ ಓಡಿಸಿದರು! ಮೊದಲ ಸೀಸನ್ ಅಬ್ಬರದಿಂದ ನಡೆಯಿತು. 2007ರ ನವೆಂಬರ್‌ನಲ್ಲಿ ಬರಹಗಾರರ ಮುಷ್ಕರ ಶುರುವಾಗಿ ಎರಡನೆಯ ಸೀಸನ್ 11 ಕಂತಿಗೆ ಮೊಟಕಾಯಿತು. ಕಥೆಯೂ ದಾರಿ ತಪ್ಪಿತ್ತು. 2010ರ ಫೆಬ್ರವರಿಯಲ್ಲಿ ಮುಗಿದಾಗ ಅಳುವವರು ಹೆಚ್ಚಿರಲಿಲ್ಲ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಮುಂಬಯಿಯ ಕಾಲ್ ಸೆಂಟರಿನ ಕಥೆ 'ಔಟ್‌ಸೋರ್ಸ್ಡ್' ತಂದರು. ಮೊದಲ ಕಂತಿನಲ್ಲೇ ಖಾರದ ಊಟ, ಹೊಟ್ಟೆ ಕೆಡುವ ಜೋಕು. 22 ಕಂತಿಗೆ ಅದೂ ಮುಗಿಯಿತು.

2006ರ ಸೀಸನ್ನಿನಲ್ಲಿ ನಮ್ಮನ್ನು ಸರಿಯಾಗಿ ಕಂಡ ಕಂತು ಹೊಸ ಷೋಗಳದ್ದಾಗಿರಲಿಲ್ಲ. ಮೂರನೆಯ ಸೀಸನ್ನಿಗೆ ಕಾಲಿಟ್ಟಿದ್ದ 'ದಿ ಆಫೀಸ್' ನವೆಂಬರ್ 2ರಂದು 'ದಿವಾಲಿ' ಎಂಬ ಕಂತನ್ನು ತೋರಿಸಿತು. ಆ ವರ್ಷದ ದೀಪಾವಳಿ ಅಕ್ಟೋಬರ್ 21ಕ್ಕೇ ಮುಗಿದಿತ್ತು ಅನ್ನಬೇಡಿ. ತಿಥಿ ಯಾವುದೇ ಇರಲಿ, ಹಾಲ್ ಸಿಕ್ಕ ದಿನವೇ ಹಬ್ಬ ಎಂಬ ನಿಯಮ ನಮ್ಮ ಕೂಟದವರಿಗೆ ಹೊಸದೇ?

ಬರೆದವರು ಅದರಲ್ಲಿ ಕೆಲ್ಲಿ ಕಪೂರ್ ಆಗಿ ನಟಿಸುತ್ತಿದ್ದ ಮಿಂಡಿ ಕೇಲಿಂಗ್. ಪೆನ್ಸಿಲ್ವೇನಿಯಾದ ಕಾಗದದ ಕಂಪನಿಯ ನೌಕರರೆಲ್ಲ ಸ್ಥಳೀಯ ಭಾರತೀಯರ ದೀಪಾವಳಿಗೆ ಹೋಗುತ್ತಾರೆ. ಎಲ್ಲಿ? ಹೈಸ್ಕೂಲಿನಲ್ಲಿ! ನೋಡಿದೊಡನೆ ಇದು ನಮ್ಮದೇ ಕಾರ್ಯಕ್ರಮ ಅನ್ನಿಸುತ್ತದೆ. ಬಾಗಿಲಲ್ಲಿ ಬಿಟ್ಟ ಚಪ್ಪಲಿಗಳು, ಸಾಲು ಟ್ರೇಗಳ ಊಟ, ಓಡಾಡುವ ಮಕ್ಕಳು, ಕೊನೆಗೆ ಎಲ್ಲರ ಕುಣಿತ. ಮ್ಯಾನೇಜರ್ ಮೈಕೇಲ್ ಸಮೋಸಾವನ್ನು ಇಲ್ಲಿನ ಸಿಹಿತಿಂಡಿ ಸ್ಮೋರ್ ಎಂದುಕೊಂಡು ಕಚ್ಚುತ್ತಾನೆ. ಹೆಸರಾಂತ ಭಾರತೀಯರ ಪಟ್ಟಿ ಹೇಳುವಾಗ ನೊಬೆಲ್ ವಿಜ್ಞಾನಿ ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರ ಪಕ್ಕಕ್ಕೇ ಅಪುವನ್ನೂ ಕೂರಿಸುತ್ತಾನೆ! ಆದರೆ ನಗೆಪಾಟಲಾಗುವುದು ಹಬ್ಬವಲ್ಲ, ಅವನು. ಕೆಲ್ಲಿಯ ತಂದೆತಾಯಿಯಾಗಿ ಬಂದವರು ಮಿಂಡಿಯ ಸ್ವಂತ ತಂದೆತಾಯಿ. ಅವರ ಮುಖದ ಆ ಸೌಜನ್ಯ ಮತ್ತು ಕಿರಿಕಿರಿಯ ಬೆರಕೆಯನ್ನು ಯಾವ ನಟನಾ ಶಾಲೆಯೂ ಕಲಿಸಲಾರದು.

ಅದೇ ಕಂತಿನಲ್ಲಿ ಮೈಕೇಲ್ ಎಲ್ಲರೆದುರು ದೀಪಾವಳಿಯ ಅರ್ಥವೇನೆಂದು ಕೆಲ್ಲಿಯನ್ನು ಕೇಳುತ್ತಾನೆ. ಅವಳಿಗೆ ಗೊತ್ತಿಲ್ಲ, ಬಹಳ ಹಳೆಯದಿರಬೇಕು ಎಂಬಂಥ ಉತ್ತರ. ಅಲ್ಲೇ ಕೂತಿದ್ದ ಡ್ವೈಟ್, ಬೀಟ್‌ರೂಟ್ ಬೆಳೆಯುವ ರೈತ, ರಾವಣನನ್ನು ಗೆದ್ದ ರಾಮನ ಪಟ್ಟಾಭಿಷೇಕದ ಕಥೆಯನ್ನು ಗಡಗಡನೆ ಒಪ್ಪಿಸಿಬಿಡುತ್ತಾನೆ. ಈ ಕಂತನ್ನು ಮಕ್ಕಳ ಜೊತೆ ಕೂತು ನೋಡಿ. ಅವರು ಕೆಲ್ಲಿಯ ಉತ್ತರಕ್ಕೆ ಬಿದ್ದು ಬಿದ್ದು ನಗುತ್ತಾರೆ. ನಗು ನಿಂತ ಮೇಲೆ ಮೆಲ್ಲಗೆ, "ನರಕಾಸುರನ ಕಥೆ ಯಾಕೆ ಹೇಳಲಿಲ್ಲ ಇವನು?" ಎಂದು ಕೇಳಿ ನೋಡಿ.