ಸಿಡಿಲಿನ ಯಂತ್ರಕ್ಕಿಂತ ಮೊದಲು ಕರೆಂಟಿನ ಲೆಕ್ಕ

ಮಿಂಚು ಹೊಡೆದಾಗ ಗಾಳಿಯಲ್ಲಿರುವ ಸಾರಜನಕವು ಒಡೆದು, ಮಳೆನೀರಿನಲ್ಲಿ ಬೆರೆತು, ಅಷ್ಟಿಷ್ಟು ಗೊಬ್ಬರವಾಗಿ ನಮ್ಮ ಹೊಲಕ್ಕಿಳಿಯುತ್ತದೆ. ವಿದ್ಯುತ್ತಿನ ಹೊಡೆತಕ್ಕೆ ಸಿಕ್ಕಿ ಹೀಗೆ ಉರಿದು ಬೆಳಗುವ ಅನಿಲಕ್ಕೆ ಪ್ಲಾಸ್ಮಾ ಎಂದು ಹೆಸರು. ಭೂಮಿಯನ್ನು ಕಾಯಿಸುತ್ತಿರುವ ಇಂಗಾಲಾಮ್ಲ ವಾಯು ಮತ್ತು ಮೀಥೇನುಗಳನ್ನು ಇದೇ ರೀತಿಯಲ್ಲಿ ಒಡೆದು, ಮೆಥನಾಲ್ ಮೊದಲಾದ ಉಪಯುಕ್ತ ರಸಾಯನಗಳಿಗೆ ಬೇಕಾದ ಅನಿಲವನ್ನು ಪಡೆಯಬಹುದೆಂದು ಪ್ರಯೋಗಶಾಲೆಗಳಲ್ಲಿ ಸಿದ್ಧವಾಗಿದೆ.

ಇದರಿಂದ ರೈತನಿಗೇನು ಎಂದು ಯಾರಾದರೂ ಕೇಳಬಹುದು. ಸೋಲಾಪುರ ಸೀಮೆಯಲ್ಲಿ ಸಕ್ಕರೆ ಕಾರ್ಖಾನೆಗಳಿಗೆ ಕೊರತೆಯಿಲ್ಲ. ಕಾಕಂಬಿ ಹುದುಗುವ ತೊಟ್ಟಿಗಳಿಂದ ಹೊರಡುವುದು ಬಹುಮಟ್ಟಿಗೆ ಶುದ್ಧವಾದ ಇಂಗಾಲಾಮ್ಲವೇ. ಇಂದಲ್ಲ ನಾಳೆ ಇಂಥ ಯಂತ್ರದ ಮಾತು ಸಹಕಾರಿ ಕಾರ್ಖಾನೆಗಳ ಸಭೆಗೆ ಬಂದೀತು. ಅಲ್ಲಿ ತೊಡಗಿಸುವ ಹಣ ಕಬ್ಬು ಬೆಳೆದವನದು.

ಹಿಂದಿನ ಒಂದು ಪಾಠವಿದೆ. ನಾರ್ವೆ ದೇಶದ ಬಿರ್ಕೆಲಾಂಡ್ ಮತ್ತು ಐಡೆ ಎಂಬವರು 1903ರಲ್ಲಿ ಕೃತಕ ಮಿಂಚಿನಿಂದ ಸಾರಜನಕ ಗೊಬ್ಬರ ಮಾಡುವ ವಿಧಾನ ಕಂಡುಹಿಡಿದರು. 1905ರಲ್ಲಿ ನೋಟೊಡೆನ್ ಊರಿನಲ್ಲಿ ಕಾರ್ಖಾನೆಯೇ ನಡೆಯಿತು. ಜಲಪಾತಗಳ ಅಗ್ಗದ ವಿದ್ಯುತ್ತು ಅದರ ಜೀವಾಳ. ಆದರೂ ಕಡಮೆ ಶಕ್ತಿ ಬೇಡುವ ಹೇಬರ್-ಬಾಷ್ ವಿಧಾನವು ಬಂದ ಮೇಲೆ ಅದು ಹಿಂದೆ ಬಿತ್ತು. ವಿದ್ಯೆ ಸುಳ್ಳಾಗಿರಲಿಲ್ಲ, ಕರೆಂಟಿನ ಖರ್ಚು ಭಾರವಾಯಿತು.

ಇಂದಿನ ಲೆಕ್ಕವನ್ನೂ ನೋಡೋಣ. ಒಂದು ಕಿಲೋ ಇಂಗಾಲಾಮ್ಲವನ್ನು ಒಡೆಯಲು, ಎಳ್ಳಷ್ಟೂ ನಷ್ಟವಿಲ್ಲದಿದ್ದರೂ, ಸುಮಾರು 1.8 ಯೂನಿಟ್ ವಿದ್ಯುತ್ತು ಬೇಕು. ಕಲ್ಲಿದ್ದಲಿನಿಂದ ಒಂದು ಯೂನಿಟ್ ತೆಗೆದರೆ ಹೆಚ್ಚುಕಡಿಮೆ ಒಂದು ಕಿಲೋ ಇಂಗಾಲಾಮ್ಲ ಹೊರಬೀಳುತ್ತದೆ. ಎಂದ ಮೇಲೆ, ಕಲ್ಲಿದ್ದಲಿನ ಕರೆಂಟಿನಿಂದ ಈ ಕೆಲಸ ಮಾಡುವುದು ಬಡ್ಡಿಸಾಲ ತಂದು ಕೈಸಾಲ ತೀರಿಸಿದಂತೆ. ಕಬ್ಬಿನ ಸಿಪ್ಪೆಯಿಂದ ತೆಗೆದ ವಿದ್ಯುತ್ತಾದರೋ? ಅದನ್ನು ಸರಕಾರದ ತಂತಿಗೆ ಮಾರಿದರೆ ಅಷ್ಟು ಕಲ್ಲಿದ್ದಲು ಉಳಿಯುತ್ತದೆ. ಸದ್ಯಕ್ಕೆ ಅದೇ ಹೆಚ್ಚಿನ ಲಾಭ.

ಹಾಗೆಂದು ಈ ವಿದ್ಯೆಯನ್ನು ತಳ್ಳಿಹಾಕುವುದೂ ಜಾಣತನವಲ್ಲ. ಪ್ಲಾಸ್ಮಾ ಯಂತ್ರವನ್ನು ಬೇಕೆಂದಾಗ ಬೇಗನೆ ಹೊತ್ತಿಸಿ, ಬೇಡವೆಂದಾಗ ಆರಿಸಬಹುದು. ನಡುಹಗಲಿನ ಬಿಸಿಲಿನಿಂದ ಹುಟ್ಟಿ, ಕೊಳ್ಳುವವರಿಲ್ಲದೆ ಉಳಿಯುವ ವಿದ್ಯುತ್ತಿಗೆ ಅದು ತಕ್ಕ ಜೋಡಿ. ಅಂಥ ವಿದ್ಯುತ್ತು ಸಾಕಷ್ಟು ದೊರೆಯುವ ಕಡೆ ಒಂದು ಚಿಕ್ಕ ಯಂತ್ರವನ್ನಿಟ್ಟು ಪರೀಕ್ಷೆ ನಡೆಯಲಿ. ಅದರ ವೆಚ್ಚವನ್ನು ಸರಕಾರ ಹೊರಲಿ, ಷೇರುದಾರ ರೈತನಲ್ಲ.

ಅಲ್ಲಿಯವರೆಗೆ ಮನೆಯ ಗೋಬರ್ ಗ್ಯಾಸಿನ ಮೀಥೇನನ್ನು ಸೋರಗೊಡದೆ ಒಲೆಗೆ ಉರಿಸುವುದೇ ಮೇಲು. ಯಂತ್ರ ಮಾರುವವರು ಸಭೆಗೆ ಬಂದಾಗ ರೈತ ಬಾಂಧವರು ಎದ್ದು ನಿಂತು ಎರಡೇ ಪ್ರಶ್ನೆ ಕೇಳಲಿ: ಕಿಲೋ ಒಂದಕ್ಕೆ ಎಷ್ಟು ಯೂನಿಟ್? ಆ ಯೂನಿಟ್ ಎಲ್ಲಿಂದ? ಉತ್ತರ ಬರೆದು ಕೊಡುವವರೆಗೆ ಠರಾವಿಗೆ ಕೈ ಎತ್ತುವುದು ಬೇಡ.