ಸೈಕಲ್ ಯಾವ ಲಿಂಗ?

ಇಪ್ಪತ್ತೆಂಟು ವರ್ಷಗಳಿಂದ ಹುಡುಗರಿಗೆ ಕನ್ನಡ ವ್ಯಾಕರಣ ಹೇಳಿಕೊಡುತ್ತ ಬಂದಿದ್ದೇನೆ. ಸೈಕಲ್ ನಪುಂಸಕಲಿಂಗ. ‘ಸೈಕಲ್ ಬಂದಿತು’ ಎನ್ನುತ್ತೇವೆಯೇ ಹೊರತು ಬಂದನು, ಬಂದಳು ಎನ್ನುವುದಿಲ್ಲ. ಆದರೆ ಧಾರವಾಡದ ಸೈಕಲ್ ಅಂಗಡಿಯಲ್ಲಿ ನನ್ನ ವ್ಯಾಕರಣ ನಡೆಯುವುದಿಲ್ಲ. ಸೀಟಿನಿಂದ ಹ್ಯಾಂಡಲ್ಲಿನವರೆಗೆ ನೇರ ಬಾರು ಇದ್ದರೆ ಅದು ಜೆಂಟ್ಸ್; ಆ ಬಾರು ಕೆಳಗಿಳಿದಿದ್ದರೆ ಲೇಡೀಸ್. ಒಂದು ಕಬ್ಬಿಣದ ನಳಿಗೆ ಎಲ್ಲಿದೆ ಎಂಬುದರ ಮೇಲೆ ಇಷ್ಟು ದೊಡ್ಡ ತೀರ್ಮಾನ!

ಇದೇನು ಮಹಾ ವಿಷಯವೆಂದು ನೀವು ನಗಬಹುದು. ನನಗೆ ನಗು ಬರುವುದಿಲ್ಲ.

ನನ್ನ ತಂದೆ ಕಾರಕೂನರಾಗಿದ್ದರು. ಮಾಳಮಡ್ಡಿಯ ಮನೆಯಿಂದ ಕಚೇರಿಗೆ, ಸಂಜೆ ವಿದ್ಯಾವರ್ಧಕ ಸಂಘದ ಭಾಷಣಗಳಿಗೆ ಸೈಕಲ್ಲಿನ ಮೇಲೆಯೇ ಅವರ ಸವಾರಿ. ಉಡುವುದು ಧೋತರ. ಎಡಗಾಲನ್ನು ಪೆಡಲಿನ ಮೇಲಿಟ್ಟು ನಾಲ್ಕು ಸಲ ಕುಪ್ಪಳಿಸಿ, ಬಲಗಾಲನ್ನು ಹಿಂದಿನಿಂದ ಬೀಸಿ ಹತ್ತುತ್ತಿದ್ದರು. ನಿವೃತ್ತಿಯ ನಂತರ ಮೊಣಕಾಲು ನೋವು ಹಿಡಿಯಿತು. ಒಂದು ಮಳೆಗಾಲದಲ್ಲಿ ಇಳಿಯುವಾಗ ಧೋತರ ಸೀಟಿಗೆ ಸಿಕ್ಕಿ ಕೆಸರಿನಲ್ಲಿ ಬಿದ್ದರು. ನನ್ನ ಮೊದಲ ಪಗಾರದಲ್ಲಿ ಕೊಂಡ ತಗ್ಗು ಬಾರಿನ ಸೈಕಲ್ ಮನೆಯಲ್ಲೇ ಇತ್ತು. ಅದನ್ನು ತೊಗೊಳ್ಳಿರೆಂದೆ. “ಹೆಣ್ಮಕ್ಕಳ ಸೈಕಲ್ ಮ್ಯಾಲೆ ನನ್ನ ಕೂಡಸ್ತೀಯೇನವಾ? ಮಂದಿ ಏನಂದಾರು?” ಎಂದರು. ಆ ಮೇಲೆ ಹನ್ನೊಂದು ವರ್ಷ ಬದುಕಿದ್ದರು. ಸಂಜೆಯಾದರೆ ಕಟ್ಟೆಯ ಮೇಲೆ ಕುಳಿತು, “ಯಾರಾದ್ರೂ ಸಂಘದ ಕಡೆ ಹೊಂಟೀರೇನು?” ಎಂದು ಕೇಳುವರು. ಅವರನ್ನು ಕಟ್ಟೆಗೆ ಕಟ್ಟಿಹಾಕಿದ್ದು ಮೊಣಕಾಲಲ್ಲ.

ಈ ತಗ್ಗು ಬಾರು ಬಂದದ್ದಾದರೂ ಹೇಗೆ? 1885ರಲ್ಲಿ ಇಂಗ್ಲೆಂಡಿನಲ್ಲಿ ರೋವರ್ ಸೈಕಲ್ ಬಂದು, ಎರಡೂ ಗಾಲಿ ಹೆಚ್ಚುಕಡಿಮೆ ಒಂದೇ ಎತ್ತರವಾದ ಮೇಲೆ ಅಲ್ಲಿಯ ಹೆಂಗಸರೂ ಸವಾರಿಗೆ ಹೊರಟರು. ಅವರ ನೆಲ ಮುಟ್ಟುವ ಲಂಗಕ್ಕೆ ನೇರ ಬಾರು ಅಡ್ಡವಾಗುತ್ತಿತ್ತು. ಬಾರು ಕೆಳಗಿಳಿಯಿತು. ಅಂದರೆ ಅದು ಇಳಿದದ್ದು ಉಡುಪಿಗಾಗಿ. ನಮ್ಮ ಧೋತರ, ಲುಂಗಿಗಳೇನು ಉಡುಪಲ್ಲವೇ? ಅಮೇರಿಕದ ಫ್ರಾನ್ಸಿಸ್ ವಿಲ್ಲಾರ್ಡ್ ಎಂಬಾಕೆ ತನ್ನ 53ನೆಯ ವಯಸ್ಸಿನಲ್ಲಿ ಸೈಕಲ್ ಕಲಿತು, 1895ರಲ್ಲಿ ಅದರ ಬಗ್ಗೆ ಪುಸ್ತಕವನ್ನೇ ಬರೆದಳು. ಹಾಲೆಂಡಿನಲ್ಲಿ ಇಂಥ ಸೈಕಲ್ಲಿಗೆ ‘ಅಜ್ಜಿಯ ಸೈಕಲ್’ ಎಂದೇ ಹೆಸರು. ಅದನ್ನು ಗಂಡಸರೂ ಯಾವ ಸಂಕೋಚವಿಲ್ಲದೆ ತುಳಿಯುತ್ತಾರೆ.

ನೇರ ಬಾರಿಗೆ ಅದರದೇ ಗುಣವಿದೆ, ಒಪ್ಪುತ್ತೇನೆ. ಅದು ತ್ರಿಕೋನ ಕಟ್ಟಿಕೊಡುವುದರಿಂದ ಕಡಿಮೆ ಕಬ್ಬಿಣದಲ್ಲಿ ಹೆಚ್ಚು ಗಟ್ಟಿ. ಹಾಲಿನ ಕ್ಯಾನು, ಮೇವಿನ ಹೊರೆ ಹೇರುವವರಿಗೆ ಅದೇ ಸರಿ. ತಮಿಳುನಾಡಿನ ಪುದುಕೋಟ್ಟೈ ಜಿಲ್ಲೆಯಲ್ಲಿ 1990ರ ದಶಕದ ಆರಂಭದಲ್ಲಿ ಸಾಕ್ಷರತಾ ಆಂದೋಲನದ ಜೊತೆ ಸಾವಿರಾರು ಹೆಂಗಸರು ಸೈಕಲ್ ಕಲಿತಾಗ ಲೇಡೀಸ್ ಸೈಕಲ್ ಸಾಲದೆ ಜೆಂಟ್ಸ್ ಸೈಕಲ್ಲನ್ನೇ ಹತ್ತಿದರು. ಬಾರಿನ ಮೇಲೆ ಕೂಸನ್ನು ಕೂಡಿಸಬಹುದೆಂದು ಅದನ್ನು ಇಷ್ಟಪಟ್ಟವರೂ ಇದ್ದರು. ಆ ಹೆಂಗಸರಿಗಿದ್ದ ಬುದ್ಧಿ ನಮ್ಮ ಗಂಡಸರಿಗೇಕೆ ಬಾರದು?

2006-07ರಿಂದ ಸರಕಾರ ಎಂಟನೆಯ ಇಯತ್ತೆಯ ಮಕ್ಕಳಿಗೆ ಸೈಕಲ್ ಕೊಡಲು ಪ್ರಾರಂಭಿಸಿತು. ಒಳ್ಳೆಯ ಕೆಲಸವೇ. ಆದರೆ ಅಲ್ಲಿಯೂ ಗಂಡಿಗೊಂದು, ಹೆಣ್ಣಿಗೊಂದು. ಕೊರೋನಾ ಬಂದು ಹಂಚಿಕೆ ನಿಂತ ಮೇಲೆ ನನ್ನ ವರ್ಗದ ಹುಡುಗನೊಬ್ಬ ನಾಲ್ಕು ಕಿಲೋಮೀಟರ್ ನಡೆದು, ದಿನಾ ಮೊದಲ ಪಿರಿಯಡ್ ಮುಗಿಯುವ ಹೊತ್ತಿಗೆ ಬರುತ್ತಿದ್ದ. ಅಕ್ಕನಿಗೆ ಸಿಕ್ಕ ಸೈಕಲ್ ಅವರ ದನದ ಕೊಟ್ಟಿಗೆಯಲ್ಲಿ ತುಕ್ಕು ಹಿಡಿಯುತ್ತಿದೆ ಎಂದು ತಿಳಿದು, ರಿಪೇರಿ ಮಾಡಿಸಿ ಕೊಟ್ಟೆ. ಎರಡು ದಿನ ಅದರ ಮೇಲೆ ಬಂದ. ಮೂರನೆಯ ದಿನ ಮತ್ತೆ ಕಾಲ್ನಡಿಗೆ. “ಎಲ್ಲಾರೂ ಅಕ್ಕನ ಹೆಸರು ಹಿಡದು ಕರೀತಾರ್ರೀ ಟೀಚರ್” ಎಂದ. ಕರೆದವರನ್ನು ಬೆಂಚಿನ ಮೇಲೆ ನಿಲ್ಲಿಸಿದೆ. ಆಮೇಲೆ ಸ್ಟಾಫ್ ರೂಮಿನಲ್ಲಿ ಈ ಸಂಗತಿ ಹೇಳಿದರೆ ನಮ್ಮ ಮಾಸ್ತರರೂ ನಕ್ಕರು. ಅವರನ್ನು ಯಾವ ಬೆಂಚಿನ ಮೇಲೆ ನಿಲ್ಲಿಸಲಿ? ಹುಡುಗ ಗಣಿತದಲ್ಲಿ ನಪಾಸಾದ. ಮೊದಲ ಪಿರಿಯಡ್ ಗಣಿತದ್ದೇ ಇತ್ತು.

ಸರಕಾರ ಸೈಕಲ್ ಕೊಡುವುದಾದರೆ ಎಲ್ಲ ಮಕ್ಕಳಿಗೂ ತಗ್ಗು ಬಾರಿನದನ್ನೇ, ಒಂದೇ ಬಣ್ಣದ್ದನ್ನು ಕೊಡಲಿ. ಅಕ್ಕ ಕಲಿತು ಮುಗಿಸಿದ ಮೇಲೆ ತಮ್ಮ ತುಳಿಯಲಿ. ಅವನು ಸಾಲಿಯಿಂದ ಬಂದ ಮೇಲೆ, ಅಜ್ಜ ಧೋತರ ಉಟ್ಟುಕೊಂಡೇ ಅದರ ಮೇಲೆ ಸಂತೆಗೆ ಹೋಗಿಬರಲಿ.