ಲೆಕ್ಕ ಬರೆಯುವವನಿಗೊಂದು ಬಾಗಿಲು

ರಾಜೋಳಿ, ಗದ್ವಾಲ ಕಡೆಯ ವಾಲ್ಮೀಕಿ ಬೋಯರಿಗೆ ಬೆಂಗಳೂರಿನ ಮಹರ್ಷಿ ವಾಲ್ಮೀಕಿ ಪರಿಶಿಷ್ಟ ಪಂಗಡಗಳ ಅಭಿವೃದ್ಧಿ ನಿಗಮದಿಂದ ಒಂದು ಕಾಸೂ ಬರುವುದಿಲ್ಲ. ಕರ್ನಾಟಕದಲ್ಲಿ ನಾಯಕ, ಬೇಡ, ವಾಲ್ಮೀಕಿ ಎಂಬ ಹೆಸರುಗಳಿಂದ ಪರಿಶಿಷ್ಟ ಪಂಗಡದಲ್ಲಿರುವ ಜನ ನದಿಯ ಈಚೆ ಹಿಂದುಳಿದ ವರ್ಗದಲ್ಲಿದ್ದಾರೆ. ಇವರನ್ನು ಪಂಗಡದ ಪಟ್ಟಿಗೆ ಸೇರಿಸಬೇಕೆಂದು ತೆಲಂಗಾಣ ವಿಧಾನಸಭೆ 2023ರ ಫೆಬ್ರವರಿಯಲ್ಲಿ ನಿರ್ಣಯ ಅಂಗೀಕರಿಸಿತು. ನಾಳೆ ಆ ಬೇಡಿಕೆ ಕೈಗೂಡಿದರೆ ಅಂಥದೇ ಅನುದಾನ ಇಲ್ಲಿಗೂ ಬಂದೀತು. ಆದಕಾರಣ ಆ ನಿಗಮದಲ್ಲಿ 2024ರಲ್ಲಿ ನಡೆದುದನ್ನು ಪರರ ಮನೆಯ ಸಂಗತಿಯೆಂದು ಬಿಡಲಾಗದು.

ಆ ವರ್ಷದ ಮೇ ತಿಂಗಳ ಕೊನೆಯಲ್ಲಿ ನಿಗಮದ ಲೆಕ್ಕ ಶಾಖೆಯ ಅಧೀಕ್ಷಕರೊಬ್ಬರು ಆತ್ಮಹತ್ಯೆ ಮಾಡಿಕೊಂಡರು. ಅವರು ಬಿಟ್ಟುಹೋದ ಪತ್ರದಿಂದ ವಿಷಯ ಹೊರಬಿತ್ತು. ನಿಗಮದ 187 ಕೋಟಿ ರೂಪಾಯಿ ಒಂದೇ ಬ್ಯಾಂಕಿನ ಒಂದು ಶಾಖೆಯಿಂದ ಇನ್ನೊಂದಕ್ಕೆ ಹೋಗಿ, ಅಲ್ಲಿಂದ ಸುಮಾರು 89 ಕೋಟಿ ಸಂಬಂಧವೇ ಇಲ್ಲದ ಖಾತೆಗಳಿಗೆ ಹರಿದಿತ್ತು. ಆ ಖಾತೆಗಳಲ್ಲಿ ಹಲವು ನಮ್ಮ ಹೈದರಾಬಾದಿನವು. ಸಚಿವ ಬಿ. ನಾಗೇಂದ್ರ ಅವರು ಜೂನ್ 6ರಂದು ರಾಜೀನಾಮೆಯಿತ್ತರು. ರಾಜ್ಯದ ವಿಶೇಷ ತನಿಖಾ ತಂಡ, ಸಿಬಿಐ, ಜಾರಿ ನಿರ್ದೇಶನಾಲಯ ಮೂರೂ ತನಿಖೆಗಿಳಿದವು. ಅಪರಾಧಿ ಯಾರೆಂಬ ನಿರ್ಣಯ ನ್ಯಾಯಾಲಯದ್ದು. ಆ ಚರ್ಚೆಗೆ ನಾನು ಹೋಗುವುದಿಲ್ಲ.

ನನ್ನನ್ನು ಕಾಡುವ ಪ್ರಶ್ನೆ ಬೇರೆ. ಗಂಗಾ ಕಲ್ಯಾಣದಲ್ಲಿ ಒಂದು ಕೊಳವೆಬಾವಿ ಬೇಡುವ ರೈತ ಜಾತಿ, ಆದಾಯ, ಪಹಣಿ ಎಂದು ಕಾಗದ ಹೊಂದಿಸುತ್ತ ಕಚೇರಿಯ ಮೆಟ್ಟಿಲು ಸವೆಸಬೇಕು. ಕೋಟಿಗಳು ಹೊರಟಾಗ ಅಷ್ಟೇ ನಿಷ್ಠುರವಾಗಿ ಕಾಗದ ಕೇಳುವವರು ಯಾರು?

ಕಾನೂನಿನಲ್ಲಿ ಇದಕ್ಕೆ ಉತ್ತರವುಂಟು. 2013ರ ಕಂಪನಿ ಕಾಯಿದೆಯ 177ನೆಯ ಕಲಂ ಲೆಕ್ಕ ಪರಿಶೋಧನಾ ಸಮಿತಿಯನ್ನು ವಿಧಿಸುತ್ತದೆ. ಷೇರುಪೇಟೆಯ ಪಟ್ಟಿಯಲ್ಲಿರುವ ಕಂಪನಿಗಳಿಗಷ್ಟೇ ಅಲ್ಲ, 10 ಕೋಟಿ ಅಥವಾ ಮೇಲ್ಪಟ್ಟ ಪಾವತಿಯಾದ ಬಂಡವಾಳವುಳ್ಳ ಸಾರ್ವಜನಿಕ ಕಂಪನಿಗಳಿಗೂ ಅದು ಅನ್ವಯ. ಕನಿಷ್ಠ ಮೂವರು ನಿರ್ದೇಶಕರಿರಬೇಕು; ಅಧ್ಯಕ್ಷರೂ ಸೇರಿದಂತೆ ಬಹುಪಾಲು ಸದಸ್ಯರಿಗೆ ಆಯವ್ಯಯ ತಃಖ್ತೆಯನ್ನು ಓದಿ ತಿಳಿಯುವ ಶಕ್ತಿಯಿರಬೇಕು. ಆಂತರಿಕ ಹಣಕಾಸು ನಿಯಂತ್ರಣವನ್ನೂ ಅಪಾಯ ನಿರ್ವಹಣೆಯನ್ನೂ ತೂಗಿನೋಡುವುದು ಸಮಿತಿಗೆ ಕಾಯಿದೆಯೇ ಹೊರಿಸಿರುವ ಹೊಣೆ. ಮಹಾಲೇಖಪಾಲರ ಪರಿಶೋಧನೆ ವರ್ಷ ಮುಗಿದ ಮೇಲೆ ಬರುತ್ತದೆ. ಹಣ ಅಷ್ಟು ಕಾಲ ಕಾಯುವುದಿಲ್ಲ.

ಸಮಿತಿ ಮಾಡಬೇಕಾದುದು ಮಹತ್ತಾದ ಕೆಲಸವೇನಲ್ಲ. ಹೊಸ ಖಾತೆ ತೆರೆಯಲು ಆಡಳಿತ ಮಂಡಳಿಯ ನಿರ್ಣಯವಿದೆಯೇ? ಪ್ರತಿ ತಿಂಗಳು ನಗದು ಪುಸ್ತಕಕ್ಕೂ ಬ್ಯಾಂಕಿನ ಲೆಕ್ಕಕ್ಕೂ ತಾಳೆ ನೋಡಲಾಗಿದೆಯೇ? ಬಾಕಿಯ ದೃಢೀಕರಣ ಪತ್ರ ಬ್ಯಾಂಕಿನಿಂದ ನೇರವಾಗಿ ಬಂದಿತೇ, ಹಣ ನಿರ್ವಹಿಸುವ ಅಧಿಕಾರಿಯ ಕೈಯಿಂದಲೇ ಬಂದಿತೇ? ಕೊನೆಯದು ತೀರ ಮುಖ್ಯ. ನಕಲಿ ಪತ್ರವನ್ನು ಅಸಲಿಯೆಂದು ನಂಬಿ ಮೋಸಹೋದ ಕಕ್ಷಿದಾರರನ್ನು ನಮ್ಮ ವೃತ್ತಿಯವರೆಲ್ಲ ಕಂಡಿದ್ದೇವೆ. ಸಮಿತಿಯ ಸಭೆ ಚಹಾ-ಬಿಸ್ಕತ್ತಿನಲ್ಲಿ ಮುಗಿದು, ನಡಾವಳಿ ಆಮೇಲೆ ಬರೆಯಲ್ಪಡುವ ಕಡೆಗಳಲ್ಲಿ ಈ ಮೂರು ಪ್ರಶ್ನೆ ಏಳುವುದೇ ಇಲ್ಲ.

ಇದೇ ಕಲಮಿನಲ್ಲಿ ಇನ್ನೊಂದು ಏರ್ಪಾಡಿದೆ, ಅದರ ಮಾತನ್ನು ಎತ್ತುವವರು ಕಡಿಮೆ. ನಿಗದಿತ ಕಂಪನಿಗಳಲ್ಲಿ ಅಕ್ರಮ ಕಂಡ ನೌಕರ ಭಯವಿಲ್ಲದೆ ದೂರು ಕೊಡುವ ವ್ಯವಸ್ಥೆ ಇರಬೇಕು. ಪ್ರಸಂಗ ಗಂಭೀರವಾದಾಗ ಆತ ಮೇಲಧಿಕಾರಿಯನ್ನು ದಾಟಿ ಸಮಿತಿಯ ಅಧ್ಯಕ್ಷರನ್ನೇ ಕಾಣಬಹುದು. ಎಲ್ಲ ಸರ್ಕಾರಿ ನಿಗಮಗಳಿಗೂ ಇದನ್ನು ಕಡ್ಡಾಯ ಮಾಡಬೇಕೆಂಬುದು ನನ್ನ ಅಭಿಪ್ರಾಯ. ಲೆಕ್ಕ ಬರೆಯುವವನೇ ತಪ್ಪನ್ನು ಮೊದಲು ಕಾಣುತ್ತಾನೆ. ಅವನ ಪತ್ರ ಬದುಕಿರುವಾಗಲೇ ಒಬ್ಬರ ಮೇಜಿಗೆ ತಲುಪಬೇಕಿತ್ತು.

ಓದುಗರು ಮಾಡಬಹುದಾದ ಕೆಲಸವೂ ಒಂದುಂಟು. 2005ರ ಮಾಹಿತಿ ಹಕ್ಕು ಕಾಯಿದೆ ಎಲ್ಲ ನಾಗರಿಕರದು. ರಾಜೋಳಿಯವರೂ ಬೆಂಗಳೂರಿನ ನಿಗಮಕ್ಕೆ ಅರ್ಜಿ ಹಾಕಬಹುದು. ಲೆಕ್ಕ ಪರಿಶೋಧನಾ ಸಮಿತಿಯಲ್ಲಿ ಯಾರಿದ್ದಾರೆ, ಹಿಂದಿನ ಎರಡು ವರ್ಷಗಳಲ್ಲಿ ಎಷ್ಟು ಸಭೆ ನಡೆದಿವೆ ಎಂದು ಕೇಳಿ ನಡಾವಳಿಯ ಪ್ರತಿ ಬೇಡಿರಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳ ಮಿತಿ, 10 ರೂಪಾಯಿ ಶುಲ್ಕ. ಉತ್ತರಕ್ಕೆ 30 ದಿನಗಳ ಗಡುವು.